ದೈತ್ಯರನ್ನು ಬಿಟ್ಟರೂ ಪರವಾಗಿಲ್ಲ, ಮಾತು ಬಿಡಬೇಡಿ

ಪ್ರಶ್ನೆ: ಜಾನ್ ಬನ್ಯನ್ ಬರೆದ 'ಪಿಲ್ಗ್ರಿಮ್ಸ್ ಪ್ರೋಗ್ರೆಸ್' ಪುಸ್ತಕವನ್ನು (ಕ್ರಿಶ್ಚಿಯನ್ ಎಂಬ ಹೆಸರಿನವನು ಬೆನ್ನ ಮೇಲೆ ಪಾಪದ ಹೊರೆ ಹೊತ್ತು ಸ್ವರ್ಗದ ಪಟ್ಟಣಕ್ಕೆ ನಡೆಯುವ ಕಥೆ) ಇಂದಿನ ಓದುಗರಿಗಾಗಿ ಕನ್ನಡದಲ್ಲಿ ಹೊಸದಾಗಿ ಹೇಳಬೇಕು ಅಂತ ಆಸೆ. ನಾಯಕನನ್ನು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ ಮಾಡಿದ್ದೇನೆ. ಅವನ ಬೆನ್ನಿನ ಹೊರೆ ಕೆಲಸದ ಒತ್ತಡ. ದಾರಿಯಲ್ಲಿ ಸಿಗುವ ವ್ಯಾನಿಟಿ ಫೇರ್ ಎಂಬ ಸಂತೆ ಒಂದು ದೊಡ್ಡ ಮಾಲ್. ಉದ್ದುದ್ದ ಸಂಭಾಷಣೆಗಳನ್ನು ತೆಗೆದು, ದೈತ್ಯರ ಜತೆಗಿನ ಹೋರಾಟಗಳನ್ನು ಇಟ್ಟುಕೊಂಡಿದ್ದೇನೆ. ಚರ್ಚಿಗೆ ಹೋಗುವವರೂ ಹೋಗದವರೂ ಓದಬೇಕು ಅನ್ನೋದು ನನ್ನ ಆಸೆ. ದಾರಿ ಸರಿ ಇದೆಯಾ?

ಉತ್ತರ: ನಿಮ್ಮ ಆಸೆ ಒಳ್ಳೆಯದು. ಆದರೆ ತೆಗೆದಿರುವುದನ್ನು ಮೊದಲು ವಾಪಸ್ ಇಡಿ. ಈ ಪುಸ್ತಕದ ಜೀವ ಇರುವುದೇ ಆ ಸಂಭಾಷಣೆಗಳಲ್ಲಿ. ದೈತ್ಯರು, ಸಿಂಹಗಳು, ಕೋಟೆಗಳು ಬನ್ಯನ್‌ಗಿಂತ ಮೊದಲೂ ನೂರಾರು ಕಥೆಗಳಲ್ಲಿ ಇದ್ದವು. ದಾರಿಯಲ್ಲಿ ಸಿಕ್ಕವರು ಬಾಯಿ ತೆರೆದ ತಕ್ಷಣ 'ಅರೆ, ಇವನನ್ನು ನಾನು ಬಲ್ಲೆ' ಅನಿಸುತ್ತದಲ್ಲ, ಅದು ಮಾತ್ರ ಅವನದೇ. ಕಳೆದ ಶತಮಾನಗಳಲ್ಲಿ ಬಂದ ಮಕ್ಕಳ ಆವೃತ್ತಿ, ಚಿತ್ರಕಥೆ, ಸಂಕ್ಷೇಪಗಳಲ್ಲಿ ಬಹಳಷ್ಟು ನೀವು ಮಾಡಿದ್ದನ್ನೇ ಮಾಡಿವೆ. ಹೋರಾಟ ಉಳಿಯಿತು, ಮಾತು ಹೋಯಿತು. ಹಾಗಾಗಿಯೇ ಎಷ್ಟೋ ಜನಕ್ಕೆ ಇದು ಮಕ್ಕಳಿಗೆ ನೀತಿ ಹೇಳುವ ಸಪ್ಪೆ ಕಥೆ ಅನ್ನುವ ಭಾವನೆ ಇದೆ.

ಇದನ್ನು ಬರೆದವನು ಯಾರು ಅಂತ ಒಮ್ಮೆ ನೋಡಿ. ಬನ್ಯನ್ 1628ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಹತ್ತಿರದ ಎಲ್ಸ್ಟೋ ಹಳ್ಳಿಯಲ್ಲಿ ಹುಟ್ಟಿದ. ಅಪ್ಪ ಪಾತ್ರೆ ರಿಪೇರಿ ಮಾಡುತ್ತಿದ್ದ. ಮಗನೂ ಅದೇ ಕಸುಬು ಹಿಡಿದ. ಊರೂರು ತಿರುಗಿ, ಮನೆಬಾಗಿಲಲ್ಲಿ ಕೂತು ತೂತಾದ ಪಾತ್ರೆ ಸರಿಮಾಡುವವನಿಗೆ ಎಂಥೆಂಥ ಮಾತು ಕಿವಿಗೆ ಬೀಳುತ್ತದೆ ಯೋಚಿಸಿ. ಚೌಕಾಸಿ, ಜಂಬ, ಸುಳ್ಳು, ಭಕ್ತಿಯ ತೋರಿಕೆ, ನಿಜವಾದ ಭಕ್ತಿ, ಎಲ್ಲವೂ. ಆಮೇಲೆ ಅನುಮತಿ ಇಲ್ಲದೆ ಬೋಧನೆ ಮಾಡಿದ್ದಕ್ಕೆ 1660ರಲ್ಲಿ ಅವನನ್ನು ಹಿಡಿದು ಹಾಕಿದರು. ಬೋಧನೆ ಬಿಡುತ್ತೇನೆ ಎಂದು ಒಪ್ಪಿಕೊಂಡಿದ್ದರೆ ಮನೆಗೆ ಹೋಗಬಹುದಿತ್ತು. ಒಪ್ಪಲಿಲ್ಲ. 1672ರ ತನಕ, 12 ವರ್ಷ, ಬೆಡ್‌ಫರ್ಡ್ ಜೈಲಿನಲ್ಲಿದ್ದ. ಅಲ್ಲಿ ಲೇಸು (ಕಟ್ಟುವ ದಾರ) ತಯಾರಿಸಿ ಮಾರಿ ಸಂಸಾರಕ್ಕೆ ಒಂದಿಷ್ಟು ಕಾಸು ಕಳಿಸುತ್ತಿದ್ದ. ಪುಸ್ತಕ ಅಚ್ಚಾಗಿದ್ದು 1678ರಲ್ಲಿ.

ಈಗ ನಿಮ್ಮ ಕೆಲಸಕ್ಕೆ ನೇರವಾಗಿ ತಾಗುವ ಸಂಗತಿ. ಅದೇ ವರ್ಷ ಎರಡನೇ ಮುದ್ರಣ ಬಂತು. ಬನ್ಯನ್ ಅದಕ್ಕೆ ಹೊಸ ಭಾಗಗಳನ್ನು ಸೇರಿಸಿದ. ಏನು ಸೇರಿಸಿದ? ಮುಖ್ಯವಾಗಿ ಇನ್ನೊಂದು ಕಾದಾಟವನ್ನಲ್ಲ. ಮಿಸ್ಟರ್ ವರ್ಲ್ಡ್ಲಿ ವೈಸ್‌ಮನ್ ಎಂಬ ಸಭ್ಯಸ್ಥನನ್ನು. ಇಂದು ಪುಸ್ತಕದಲ್ಲಿ ಅತಿ ಹೆಚ್ಚು ನೆನಪಾಗುವ ಪಾತ್ರಗಳಲ್ಲಿ ಒಂದಾದ ಈ ಮನುಷ್ಯ ಮೊದಲ ಮುದ್ರಣದಲ್ಲಿ ಇರಲೇ ಇಲ್ಲ. ಅವನು ಕತ್ತಿ ಹಿಡಿದು ಬರುವುದಿಲ್ಲ. ಕಳಕಳಿಯಿಂದ ಬುದ್ಧಿ ಹೇಳುತ್ತಾನೆ. 'ಇಷ್ಟು ಕಷ್ಟ ಯಾಕಪ್ಪಾ? ನಾನು ನಿನಗಿಂತ ವಯಸ್ಸಿನಲ್ಲಿ ದೊಡ್ಡವನು, ನನ್ನ ಮಾತು ಕೇಳು. ಪಕ್ಕದ ಊರಿನಲ್ಲಿ ಒಳ್ಳೆಯ ಮನೆ ಕಡಿಮೆ ಬಾಡಿಗೆಗೆ ಸಿಗುತ್ತದೆ. ಹೆಂಡತಿ ಮಕ್ಕಳನ್ನೂ ಕರೆಸಿಕೋ. ಮರ್ಯಾದಸ್ಥರ ನಡುವೆ ಆರಾಮಾಗಿ ಇರು.' ಈ ಮಾತಿನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕಲು ಕ್ರಿಶ್ಚಿಯನ್‌ಗೆ ಮಾತ್ರ ಅಲ್ಲ, ಓದುವ ನಮಗೂ ಸ್ವಲ್ಪ ಹೊತ್ತು ಬೇಕಾಗುತ್ತದೆ. ತನ್ನ ಪುಸ್ತಕವನ್ನು ಬನ್ಯನ್ ತಾನೇ ಬೆಳೆಸಿದಾಗ ಮಾತುಗಾರರನ್ನು ಬೆಳೆಸಿದ. ಇಂದು ಅದನ್ನು ಹೊಸದು ಮಾಡುವವರು ಅವರನ್ನೇ ಮೊದಲು ಹೊರಗೆ ಹಾಕಬಾರದು.

ಸಮಯಸಾಧಕನನ್ನು ನೋಡಿ. ಮೂಲದಲ್ಲಿ ಅವನ ಹೆಸರು ಬೈ-ಎಂಡ್ಸ್. ಸವಿಮಾತಿನ ಊರಿನವನು. ತನ್ನ ಹೆಸರು ಮಾತ್ರ ಹೇಳುವುದಿಲ್ಲ. ನೆಂಟರ ಪಟ್ಟಿ ಕೊಡುತ್ತಾನೆ, ಎಲ್ಲರೂ ದೊಡ್ಡ ಮನುಷ್ಯರು. ಮುತ್ತಾತ ದೋಣಿ ನಡೆಸುತ್ತಿದ್ದನಂತೆ. ಮುಖ ಒಂದು ಕಡೆ, ದೋಣಿ ಹೋಗುವುದು ಇನ್ನೊಂದು ಕಡೆ. ಬಹುಪಾಲು ಆಸ್ತಿ ಬಂದಿದ್ದೂ ಅದೇ ಕಸುಬಿನಿಂದ. ಧರ್ಮದ ವಿಷಯದಲ್ಲಿ ತಾನು ಕಟ್ಟುನಿಟ್ಟಿನವರಿಗಿಂತ ಎರಡೇ ಎರಡು ಸಣ್ಣ ವಿಷಯದಲ್ಲಿ ಬೇರೆ ಅನ್ನುತ್ತಾನೆ. ಒಂದು, ಗಾಳಿಗೆ ಎದುರಾಗಿ ಹೋಗುವುದಿಲ್ಲ. ಎರಡು, ಧರ್ಮ ಬೆಳ್ಳಿ ಚಪ್ಪಲಿ ಹಾಕಿಕೊಂಡು ಹೊರಟಾಗ, ಬಿಸಿಲಿದ್ದು ಜನ ಚಪ್ಪಾಳೆ ತಟ್ಟುತ್ತಿರುವಾಗ, ಅದರ ಜತೆ ಬೀದಿಯಲ್ಲಿ ನಡೆಯಲು ಬಹಳ ಇಷ್ಟ.

ಇವನನ್ನು ಕನ್ನಡಕ್ಕೆ ತರಲು ಲ್ಯಾಪ್‌ಟಾಪ್ ಬೇಕಾಗಿಲ್ಲ. ಅವನು ನಮ್ಮ ಮಾತಿನಲ್ಲಿ ಮಾತಾಡಿದರೆ ಸಾಕು. ಉದಾಹರಣೆಗೆ ಹೀಗೆ:

'ನಮ್ಮೂರಲ್ಲಿ ಅರ್ಧಕ್ಕರ್ಧ ಜನ ನಮ್ಮ ನೆಂಟರೇ ಸ್ವಾಮಿ. ನಮ್ಮ ಪಾದ್ರಿಗಳು ನನಗೆ ಸೋದರಮಾವನೇ ಆಗಬೇಕು. ಭಕ್ತಿ ವಿಷಯದಲ್ಲಿ ನಾನೇನು ಕಡಿಮೆ ಇಲ್ಲ. ಆದರೆ ಗಾಳಿ ಬಂದಾಗ ತೂರಿಕೋಬೇಕು ಅಂತ ಹಿರಿಯರು ಸುಮ್ನೆ ಹೇಳಿದಾರಾ? ಮಳೆ ನಿಲ್ಲಲಿ. ಜನ ಸೇರಲಿ. ಆಗ ನೋಡಿ, ಮೆರವಣಿಗೆ ಮುಂದೆ ನಾನೇ ಇರ್ತೀನಿ.'

ಕಾಲ ಯಾವುದು, ಊರು ಯಾವುದು ಅಂತ ಇಲ್ಲಿ ಹೇಳಿಲ್ಲ. ಆದರೂ ಇದು ಇವತ್ತಿನ ಮಾತು. ನೀವು ಹುಡುಕುತ್ತಿರುವ ಹೊಸತನ ಇಲ್ಲಿ ಸಿಗುತ್ತದೆ, ಮಾಲಿನಲ್ಲಿ ಅಲ್ಲ.

ಮಾಲಿನ ವಿಷಯಕ್ಕೇ ಬರೋಣ. ವ್ಯಾನಿಟಿ ಫೇರ್ ಅಂದರೆ ವ್ಯರ್ಥದ ಸಂತೆ. ಅಲ್ಲಿ ಮನೆ, ಜಮೀನು, ಪದವಿ, ಬಿರುದು, ರಾಜ್ಯಗಳು, ಗಂಡ, ಹೆಂಡತಿ, ಮಕ್ಕಳು, ಜೀವ, ರಕ್ತ, ದೇಹ, ಆತ್ಮ, ಎಲ್ಲವೂ ಮಾರಾಟಕ್ಕಿವೆ. ಬೆಳ್ಳಿ ಬಂಗಾರ ಆ ಪಟ್ಟಿಯ ಕೊನೆಯಲ್ಲೆಲ್ಲೋ ಬರುತ್ತವೆ. ಇದನ್ನು ಮಾಲ್ ಮಾಡಿದ ಕೂಡಲೇ ಕಥೆ 'ಜಾಸ್ತಿ ಖರೀದಿ ಮಾಡಬೇಡಿ' ಅನ್ನುವ ಮಟ್ಟಕ್ಕೆ ಇಳಿದುಬಿಡುತ್ತದೆ. ಬನ್ಯನ್ ಅಲ್ಲಿ ಖರೀದಿಯ ಬಗ್ಗೆ ಬರೆದದ್ದು ಕಡಿಮೆ. ಖರೀದಿ ಮಾಡದವರಿಗೆ ಏನಾಗುತ್ತದೆ ಅನ್ನುವುದರ ಬಗ್ಗೆ ಬರೆದದ್ದು ಜಾಸ್ತಿ. ಏನು ಕೊಳ್ಳುತ್ತೀರಿ ಅಂತ ಕೇಳಿದಾಗ ಕ್ರಿಶ್ಚಿಯನ್ ಮತ್ತು ಜತೆಗಾರ ಫೇತ್‌ಫುಲ್, ನಾವು ಸತ್ಯವನ್ನು ಕೊಳ್ಳುತ್ತೇವೆ ಅನ್ನುತ್ತಾರೆ. ಅಷ್ಟಕ್ಕೇ ಗಲಾಟೆ. ಹೊಡೆತ, ಮೈಗೆ ಕೆಸರು, ಪಂಜರ, ಆಮೇಲೆ ವಿಚಾರಣೆ. ನ್ಯಾಯಾಧೀಶನ ಹೆಸರು ಹೇಟ್-ಗುಡ್, ಅಂದರೆ ಒಳ್ಳೆಯದನ್ನು ದ್ವೇಷಿಸುವವನು. ಸಾಕ್ಷಿ ಹೇಳಲು ಹೊಟ್ಟೆಕಿಚ್ಚು ಬರುತ್ತಾನೆ, ಮೂಢನಂಬಿಕೆ ಬರುತ್ತಾನೆ, ಚಾಡಿಕೋರ ಬರುತ್ತಾನೆ. ಕೊನೆಗೆ ಫೇತ್‌ಫುಲ್‌ನನ್ನು ಕಂಬಕ್ಕೆ ಕಟ್ಟಿ ಸುಡುತ್ತಾರೆ.

ಇದನ್ನು ಬರೆದವನು ಕೋರ್ಟಿನ ಕಟಕಟೆಯಲ್ಲಿ ನಿಂತು ಬಂದವನು. 1661ರಲ್ಲಿ ಅವನ ಹೆಂಡತಿ ಎಲಿಜಬೆತ್ ನ್ಯಾಯಾಧೀಶರ ಮುಂದೆ ಹೋಗಿ ಗಂಡನ ಬಿಡುಗಡೆಗೆ ಬೇಡಿಕೊಂಡಳು. ಮನೆಯಲ್ಲಿ ನಾಲ್ಕು ಸಣ್ಣ ಮಕ್ಕಳಿದ್ದಾರೆ, ಒಬ್ಬಳಿಗೆ ಕಣ್ಣು ಕಾಣುವುದಿಲ್ಲ ಅಂದಳು. ಪಾತ್ರೆ ರಿಪೇರಿ ಮಾಡುವ ಬಡವ ಅನ್ನುವ ಕಾರಣಕ್ಕೇ ಅವನಿಗೆ ನ್ಯಾಯ ಸಿಗುತ್ತಿಲ್ಲ ಅಂತ ಅಲ್ಲೇ, ಅವರ ಮುಖದೆದುರೇ ಹೇಳಿದಳು. ಆ ಹೆಣ್ಣುಮಗಳ ಧೈರ್ಯವನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಿಮ್ಮ ಹೊಸ ರೂಪದಲ್ಲಿ ಸಂತೆ ಹೇಗೆ ಬೇಕಾದರೂ ಇರಲಿ. ಆ ವಿಚಾರಣೆ ಮಾತ್ರ ಪೂರ್ತಿ ಇರಬೇಕು. ಎಲ್ಲರೂ ತಲೆಯಾಡಿಸುವಾಗ ಒಬ್ಬ ಆಡಿಸದಿದ್ದರೆ ಅವನ ಮೇಲೆ ಹೇಗೆ ಬೀಳುತ್ತಾರೆ ಅನ್ನುವುದು ಇಂದಿನ ಓದುಗರಿಗೆ ಹೊಸದೇನೂ ಅಲ್ಲ.

ಇನ್ನು ಹೊರೆ. ಪಾಪದ ಹೊರೆಯನ್ನು ಕೆಲಸದ ಒತ್ತಡ ಮಾಡಬೇಡಿ. ಒತ್ತಡವಾದರೆ ಎರಡು ವಾರ ರಜೆ ಹಾಕಿದರೆ ಇಳಿಯುತ್ತದೆ, ಶಿಲುಬೆಯ ತನಕ ಯಾಕೆ ಹೋಗಬೇಕು? ಮೂಲದಲ್ಲಿ ಆ ಹೊರೆ ಕ್ರಿಶ್ಚಿಯನ್‌ಗೆ ಭಾರವಾಗುವುದು ಕೈಯಲ್ಲಿರುವ ಪುಸ್ತಕ ಓದಿದ ಮೇಲೆ. ಅವನ ಮನೆಯವರಿಗೆ ಅದು ಅರ್ಥವೇ ಆಗುವುದಿಲ್ಲ. ತಲೆ ಕೆಟ್ಟಿರಬೇಕು, ರಾತ್ರಿ ಚೆನ್ನಾಗಿ ಮಲಗಿದರೆ ಸರಿಹೋಗುತ್ತಾನೆ ಅಂದುಕೊಳ್ಳುತ್ತಾರೆ. ನಾನು ಬದುಕುತ್ತಿರುವ ರೀತಿ ಬುಡದಿಂದಲೇ ತಪ್ಪಾಗಿದೆ, ಇದನ್ನು ನಾನೇ ಸರಿಮಾಡಿಕೊಳ್ಳಲು ಆಗುತ್ತಿಲ್ಲ ಅನ್ನುವ ಅರಿವು ಅದು. ಚರ್ಚಿಗೆ ಹೋಗದವರಿಗೆ ಇದು ಅರ್ಥವಾಗಲ್ಲ ಅಂತ ಹೆದರಬೇಡಿ. ಆ ಅರಿವು ಒಂದು ಧರ್ಮದವರಿಗೆ ಮಾತ್ರ ಬರುವುದಲ್ಲ. ಅದಕ್ಕೆ ಬನ್ಯನ್ ಕೊಡುವ ಉತ್ತರ ಮಾತ್ರ ಕ್ರೈಸ್ತ ಉತ್ತರ. ಅದನ್ನು ಮರೆಮಾಚದೆ ಕೊಡಿ. ಓದುಗರು ಒಪ್ಪದೆಯೂ ಗೌರವದಿಂದ ಓದುತ್ತಾರೆ. ಮುಚ್ಚಿಟ್ಟರೆ ಚರ್ಚಿಗೆ ಹೋಗುವವರಿಗೂ ಹೋಗದವರಿಗೂ ಮೋಸವಾದಂತೆ.

ಇನ್ನೊಂದು ಮಾತು. ಹೊರೆ ಬೀಳುವುದು ಕಥೆಯ ಕೊನೆಯಲ್ಲಿ ಅಲ್ಲ. ಶಿಲುಬೆಯ ಹತ್ತಿರ ಅದು ತಾನಾಗಿ ಕಳಚಿ ಉರುಳಿಹೋದಾಗ ಅರ್ಧ ದಾರಿಯೂ ಆಗಿರುವುದಿಲ್ಲ. ಕಷ್ಟದ ಗುಡ್ಡ, ಅಪೊಲಿಯನ್ ಎಂಬ ರಾಕ್ಷಸನ ಜತೆಗಿನ ಕಾದಾಟ, ಸಾವಿನ ನೆರಳಿನ ಕಣಿವೆ, ಸಂತೆ, ಸಂದೇಹದ ಕೋಟೆ, ಎಲ್ಲ ಬರುವುದು ಹೊರೆ ಇಳಿದ ಮೇಲೆ. ಸಮಸ್ಯೆ, ಪರಿಹಾರ, ಮುಕ್ತಾಯ ಅನ್ನುವ ಇಂದಿನ ಕಥೆಯ ಅಚ್ಚಿಗೆ ಇದು ಕೂರುವುದಿಲ್ಲ. ಕೂರಿಸಲೂಬೇಡಿ.

ಹಾಗಾದರೆ ಕಾಲ ಬದಲಿಸಲೇಬಾರದಾ? ಬದಲಿಸಬಹುದು. 1843ರಲ್ಲಿ ಅಮೆರಿಕದ ನಥಾನಿಯಲ್ ಹಾಥಾರ್ನ್ 'ದಿ ಸೆಲೆಸ್ಟಿಯಲ್ ರೈಲ್‌ರೋಡ್' ಅನ್ನುವ ಸಣ್ಣ ಕಥೆ ಬರೆದ. ಅದರಲ್ಲಿ ಸ್ವರ್ಗದ ಪಟ್ಟಣಕ್ಕೆ ಈಗ ರೈಲು ಇದೆ. ನಿರಾಶೆಯ ಕೆಸರುಗುಂಡಿಗೆ ನೀತಿಯ ಪುಸ್ತಕಗಳನ್ನು, ತತ್ವಶಾಸ್ತ್ರದ ಪುಸ್ತಕಗಳನ್ನು ಸುರಿದು ಸೇತುವೆ ಕಟ್ಟಿದ್ದಾರೆ. ಮೂಲದಲ್ಲಿ ಯಾತ್ರೆಯ ದಾರಿಗೆ ಒಳಬಿಡುವ ದಿಡ್ಡಿ ಬಾಗಿಲಿನ ಜಾಗದಲ್ಲಿ ಸ್ಟೇಷನ್ ಬಂದಿದೆ. ಗುಡ್ಡದಲ್ಲಿ ಸುರಂಗ ಕೊರೆದಿದ್ದಾರೆ. ಅಪೊಲಿಯನ್ ಈಗ ರೈಲು ಓಡಿಸುತ್ತಾನೆ. ಹೊರೆ? ಲಗೇಜ್ ಡಬ್ಬಿಯಲ್ಲಿ ಇಟ್ಟಿದ್ದಾರೆ, ಇಳಿಯುವಾಗ ವಾಪಸ್ ಕೊಡುತ್ತಾರಂತೆ. ಆ ಒಂದು ಮಾತು ಓದಿದಾಗ ಹಾಥಾರ್ನ್ ಮೂಲವನ್ನು ಎಷ್ಟು ಆಳವಾಗಿ ಓದಿದ್ದ ಅಂತ ತಿಳಿಯುತ್ತದೆ. ಅವನು ಎಲ್ಲವನ್ನೂ ಬದಲಿಸಿದ, ಹೊರೆಯ ಪ್ರಶ್ನೆಯನ್ನು ಮಾತ್ರ ಬದಲಿಸಲಿಲ್ಲ. ಲೂಯಿಸಾ ಮೇ ಆಲ್ಕಾಟ್ ಇನ್ನೊಂದು ದಾರಿ ಹಿಡಿದಳು. 1868ರ 'ಲಿಟಲ್ ವಿಮೆನ್' ನಾಲ್ವರು ಅಕ್ಕತಂಗಿಯರ ಮನೆಯ ಕಥೆ. ಬನ್ಯನ್ ಅಲ್ಲಿ ಅಧ್ಯಾಯದ ಹೆಸರುಗಳಲ್ಲಿ, ಹುಡುಗಿಯರ ಆಟದಲ್ಲಿ ಬರುತ್ತಾನೆ. ಅವರಲ್ಲಿ ಒಬ್ಬಳಾದ ಜೋ ತನ್ನ ಸಿಟ್ಟಿನ ಜತೆ ಹೋರಾಡುವ ಅಧ್ಯಾಯದ ಹೆಸರಿನಲ್ಲಿ ಅಪೊಲಿಯನ್ ಇದ್ದಾನೆ.

ಇವೆರಡೂ ಮೂಲಕ್ಕೆ ಬರೆದ ಉತ್ತರಗಳು. ಮೂಲವನ್ನು ಮತ್ತೆ ಹೇಳುವುದು ಬೇರೆ ಕೆಲಸ. ನೀವು ಯಾವುದನ್ನು ಮಾಡುತ್ತಿದ್ದೀರಿ ಅಂತ ಮೊದಲು ತೀರ್ಮಾನಿಸಿ. ಸಾಫ್ಟ್‌ವೇರ್ ಉದ್ಯೋಗಿಯ ಕಥೆ ಬೇಕೆಂದರೆ ಅದು ನಿಮ್ಮದೇ ಸ್ವಂತ ಪುಸ್ತಕವಾಗಲಿ, ಬನ್ಯನ್ ಜತೆ ಧೈರ್ಯವಾಗಿ ವಾದ ಮಾಡಲಿ. ಮೂಲವನ್ನೇ ಇಂದಿನವರಿಗೆ ತಲುಪಿಸಬೇಕೆಂದರೆ ದಾರಿ, ಕೆಸರು, ಗುಡ್ಡ, ನದಿ ಹಾಗೇ ಇರಲಿ. ಇವು ಯಾವ ಕಾಲಕ್ಕೂ ಹಳೆಯದಾಗುವುದಿಲ್ಲ. ಫೋನು, ಆ್ಯಪುಗಳು ಐದೇ ವರ್ಷಕ್ಕೆ ಹಳೆಯವಾಗುತ್ತವೆ. ನಿಮ್ಮ ಪ್ರಶ್ನೆಯ ದನಿ ನೋಡಿದರೆ ನಿಮಗೆ ಬೇಕಿರುವುದು ಈ ಎರಡನೆಯದು ಅನಿಸುತ್ತದೆ.

ಹೆಸರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಸ್ಕೃತದ ಭಾರವಾದ ಹೆಸರು ಇಟ್ಟರೆ ಎಲ್ಲರೂ ಪುರಾಣದ ಪಾತ್ರಗಳಾಗುತ್ತಾರೆ. ಊರಲ್ಲಿ ಜನ ಇಡುವ ಅಡ್ಡಹೆಸರಿನ ಹಾಗೆ ಇರಲಿ. ಅಬ್ಸ್ಟಿನೇಟ್ ಎಂಬವನು ಮೊಂಡ ಆಗಲಿ. ಯಾರು ಏನಂದರೂ ಹೂಂ ಅಂತ ಹೊರಟು, ಕೆಸರಿಗೆ ಬಿದ್ದ ತಕ್ಷಣ ಮನೆಯ ಕಡೆಯ ದಡಕ್ಕೇ ಏರಿ ಓಡಿಹೋಗುವ ಪ್ಲಾಯಬಲ್ ಹೌದಪ್ಪ. ದೇವರ ವಿಷಯ ಗಂಟೆಗಟ್ಟಲೆ ಮಾತಾಡುವ, ಮನೆಯಲ್ಲಿ ಮಾತ್ರ ಬೇರೆಯೇ ಆಗಿರುವ ಟಾಕೆಟಿವ್ ಮಾತಿನಮಲ್ಲ. ಫೇತ್‌ಫುಲ್‌ಗೆ ನಂಬಿಗಸ್ತ ಅನ್ನುವ ಹೆಸರು ನಮ್ಮ ಸತ್ಯವೇದದಲ್ಲೇ, ಅಂದರೆ ಕನ್ನಡ ಬೈಬಲಿನಲ್ಲೇ, ಸಿದ್ಧವಾಗಿದೆ. ಈ ಪುಸ್ತಕ 1847ರಷ್ಟು ಹಿಂದೆಯೇ 'ಯಾತ್ರಿಕನ ಸಂಚಾರ' ಎಂದು ಕನ್ನಡಕ್ಕೆ ಬಂದಿದೆ. ಆಧುನಿಕ ಕನ್ನಡ ಗದ್ಯದ ಮೊದಮೊದಲ ಕೆಲಸಗಳಲ್ಲಿ ಅದೂ ಒಂದು. ಹಳೆಯ ಅನುವಾದ ಎಲ್ಲಾದರೂ ಸಿಕ್ಕಿದರೆ ತಪ್ಪದೆ ಓದಿ.

ಗುಣಗಳೇ ಮನುಷ್ಯರಾಗಿ ಬರುವ ಕಥೆ ನಮ್ಮ ಓದುಗರಿಗೆ ಹೊಸದಲ್ಲ ಅನ್ನುವುದೂ ನೆನಪಿರಲಿ. 11ನೇ ಶತಮಾನದ ಕೃಷ್ಣಮಿಶ್ರನ 'ಪ್ರಬೋಧಚಂದ್ರೋದಯ' ನಾಟಕದಲ್ಲಿ ವಿವೇಕ, ಮಹಾಮೋಹ, ದಂಭ, ಅಹಂಕಾರ ಎಲ್ಲರೂ ರಂಗದ ಮೇಲೆ ಬರುತ್ತಾರೆ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಯೂ ಭತ್ತವೂ ರಾಮನ ಸಭೆಯಲ್ಲಿ ಜಗಳವಾಡುತ್ತವೆ. ಆ ಕಾವ್ಯ ನಮಗೆ ಯಾಕೆ ಪ್ರಿಯ? ರಾಗಿ ಎದುರುತ್ತರ ಕೊಡುತ್ತದೆ, ಅದಕ್ಕೆ. ಬಡವರ ಧಾನ್ಯ ಸಿರಿವಂತರ ಧಾನ್ಯಕ್ಕೆ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತದೆ. ಬನ್ಯನ್ ಬಲವೂ ಅಲ್ಲೇ ಇದೆ.

ಕೆಲವು ಕಡೆ ನಿಮಗೆ ನಿಜವಾಗಿಯೂ ಕಷ್ಟವಾಗುತ್ತದೆ. ಮೊದಲನೆಯದು, ಕ್ರಿಶ್ಚಿಯನ್ ಹೆಂಡತಿ ಮಕ್ಕಳನ್ನು ಬಿಟ್ಟು ಓಡುವ ಜಾಗ. ಅವರು ಕೂಗುತ್ತಿದ್ದರೆ ಕಿವಿಗೆ ಬೆರಳಿಟ್ಟು ಓಡುತ್ತಾನೆ. ಇಂದಿನ ಓದುಗರು, ಅದರಲ್ಲೂ ಹೆಂಗಸರು, ಇಲ್ಲಿ ಪುಸ್ತಕ ಮುಚ್ಚಿಡಬಹುದು. ಅದನ್ನು ಮೆದು ಮಾಡಬೇಡಿ. ಸ್ವಲ್ಪ ಮುಂದೆ, ಯಾತ್ರಿಕರು ತಂಗುವ 'ಸುಂದರ ಮನೆ'ಯಲ್ಲಿ, ಚಾರಿಟಿ ಅನ್ನುವ ಹೆಣ್ಣು ಇದೇ ಪ್ರಶ್ನೆ ಕೇಳುತ್ತಾಳೆ. ಮನೆಯವರನ್ನು ಯಾಕೆ ಕರೆತರಲಿಲ್ಲ? ಕ್ರಿಶ್ಚಿಯನ್ ಅತ್ತುಬಿಡುತ್ತಾನೆ. ಸಂಕ್ಷೇಪ ಮಾಡುವವರು ಕಿವಿಗೆ ಬೆರಳಿಡುವುದನ್ನು ಉಳಿಸಿ, ಈ ಅಳುವನ್ನು ಬಿಡುತ್ತಾರೆ. ಆಗ ಅವನು ಕಲ್ಲು ಹೃದಯದವನಾಗಿ ಕಾಣುತ್ತಾನೆ. ಕಣ್ಣು ಕಾಣದ ಮಗಳು ಮೇರಿಯನ್ನು ಬಿಟ್ಟು ಜೈಲಿನಲ್ಲಿರುವುದು ಮೂಳೆಯಿಂದ ಮಾಂಸ ಕಿತ್ತ ಹಾಗೆ ಅಂತ ಬನ್ಯನ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ನೋವು ಗೊತ್ತಿದ್ದವನು ಬರೆದ ಅಳು ಅದು. 1684ರಲ್ಲಿ ಎರಡನೇ ಭಾಗ ಬರೆದು ಹೆಂಡತಿ ಕ್ರಿಶ್ಚಿಯಾನಾಳನ್ನೂ ನಾಲ್ವರು ಗಂಡುಮಕ್ಕಳನ್ನೂ ಅದೇ ದಾರಿಯಲ್ಲಿ ನಡೆಸಿದ. ಸಾಧ್ಯವಾದರೆ ಆ ಭಾಗವನ್ನೂ ಸೇರಿಸಿ. ಅಲ್ಲಿ ಯಾತ್ರೆ ಒಂಟಿಯಲ್ಲ, ಕುಂಟರು, ದುರ್ಬಲರು, ಅಂಜುಬುರುಕರು ಎಲ್ಲರೂ ಜತೆಗಿದ್ದಾರೆ.

ಎರಡನೆಯದು, ಗುಹೆಯ ಬಾಯಲ್ಲಿ ಕೂತ ಪೋಪ್ ಎಂಬ ಮುದಿ ದೈತ್ಯ. 17ನೇ ಶತಮಾನದ ಇಂಗ್ಲೆಂಡಿನ ಪ್ರೊಟೆಸ್ಟೆಂಟ್-ಕ್ಯಾಥೊಲಿಕ್ ಜಗಳ ಅದು. ಪಕ್ಕದಲ್ಲೇ ಪೇಗನ್ (ಕ್ರೈಸ್ತೇತರ ಹಳೆಯ ಧರ್ಮ) ಎಂಬ ದೈತ್ಯ ಕೂಡ ಇದ್ದ, ಸತ್ತು ಬಹಳ ದಿನವಾಯಿತು ಅನ್ನುತ್ತಾನೆ ಬನ್ಯನ್. ಪೂರ್ತಿ ಅನುವಾದವಾದರೆ ಇದನ್ನು ಅಡಿಟಿಪ್ಪಣಿಯೊಂದಿಗೆ ಉಳಿಸಿ. ನಿಮ್ಮದು ಎಲ್ಲರಿಗಾಗಿ ಮರುಹೇಳಿದ ರೂಪವಾದ್ದರಿಂದ ಬಿಟ್ಟುಬಿಡಿ, ಬಿಟ್ಟಿದ್ದೇನೆ ಅಂತ ಮುನ್ನುಡಿಯಲ್ಲಿ ಹೇಳಿ. ಕೆಲವೇ ಸಾಲುಗಳು, ಕಥೆಗೆ ನಷ್ಟವಿಲ್ಲ. ಮಂಗಳೂರಿನ ಕ್ಯಾಥೊಲಿಕ್ ಅಜ್ಜಿಯೊಬ್ಬರು ನಿಮ್ಮ ಪುಸ್ತಕವನ್ನು ಪ್ರೀತಿಯಿಂದ ಓದುವಂತಿರಬೇಕು.

ಇಗ್ನೊರೆನ್ಸ್, ಅಂದರೆ ಅಜ್ಞಾನ, ಎಂಬವನ ಕೊನೆಯನ್ನು ಮಾತ್ರ ಬಿಡಬೇಡಿ. ತನ್ನ ಮೇಲೆ ಪೂರ್ತಿ ನಂಬಿಕೆಯಿಟ್ಟು, ಯಾರ ಮಾತನ್ನೂ ಕೇಳದೆ, ಸ್ವರ್ಗದ ಬಾಗಿಲ ತನಕ ಬಂದ ಹುಡುಗ ಅವನು. ಅಲ್ಲಿಂದಲೇ ಅವನನ್ನು ನರಕಕ್ಕೆ ತಳ್ಳುತ್ತಾರೆ. ಓದಲು ಹಿತವಿಲ್ಲ ನಿಜ. ಆದರೆ ಇಡೀ ಪುಸ್ತಕ ತಮಾಷೆಗೆ ಬರೆದದ್ದಲ್ಲ ಅಂತ ಗೊತ್ತಾಗುವುದೇ ಅಲ್ಲಿ.

ಕೊನೆಯದಾಗಿ ಸಂದೇಹದ ಕೋಟೆ. ನಿಮ್ಮ ಯುವ ಓದುಗರಿಗೆ ಅತಿ ಹತ್ತಿರದ ಭಾಗ ಇದೇ, ಹಾಗಾಗಿ ಇಲ್ಲಿ ಹೆಚ್ಚಿನ ಎಚ್ಚರ ಬೇಕು. ಹತಾಶೆ ಎಂಬ ದೈತ್ಯ ಕ್ರಿಶ್ಚಿಯನ್‌ನನ್ನೂ, ಫೇತ್‌ಫುಲ್ ಸತ್ತ ಮೇಲೆ ಜತೆಗಾರನಾದ ಹೋಪ್‌ಫುಲ್‌ನನ್ನೂ ಬುಧವಾರ ಬೆಳಿಗ್ಗೆಯಿಂದ ಶನಿವಾರ ರಾತ್ರಿ ತನಕ ಕತ್ತಲ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಊಟ ಇಲ್ಲ, ನೀರಿಲ್ಲ. ಹೊಡೆಯುತ್ತಾನೆ. ಆಮೇಲೆ, ಹೇಗೂ ಇಲ್ಲಿಂದ ಹೊರಗೆ ಹೋಗಲ್ಲ, ನೀವೇ ಸತ್ತುಹೋಗಿ ಅನ್ನುತ್ತಾನೆ. ಕ್ರಿಶ್ಚಿಯನ್‌ಗೆ ಆ ಮಾತು ಸರಿ ಅನಿಸತೊಡಗುತ್ತದೆ. ಅವನನ್ನು ತಡೆಯುವವನು ಜತೆಗಿರುವ ಹೋಪ್‌ಫುಲ್. ಅವನು ಬರೀ ಉಪದೇಶ ಮಾಡುವುದಿಲ್ಲ. ನೀನು ಅಪೊಲಿಯನ್‌ಗೇ ಹೆದರಲಿಲ್ಲ, ನೆನಪಿದೆಯಾ? ಸಂತೆಯಲ್ಲಿ ಸಂಕೋಲೆಗೂ ಪಂಜರಕ್ಕೂ ಬಗ್ಗಲಿಲ್ಲ. ದೈತ್ಯ ಒಂದು ದಿನ ಬೀಗ ಹಾಕಲು ಮರೆಯಬಹುದು. ನಾನೂ ನಿನ್ನ ಜತೆ ಇಲ್ಲೇ ಇದ್ದೇನಲ್ಲ, ಇನ್ನೊಂದು ದಿನ ತಡೆದುಕೋ. ಹೀಗೆ ದಿನ ದೂಡುತ್ತಾನೆ. ಆಮೇಲೆ ಕ್ರಿಶ್ಚಿಯನ್‌ಗೆ ತನ್ನ ಎದೆಯ ಬಳಿ ವಾಗ್ದಾನ ಎಂಬ ಬೀಗದ ಕೈ ಇರುವುದು ನೆನಪಾಗುತ್ತದೆ. ಮರುಕಥನಗಳಲ್ಲಿ ಸಾಮಾನ್ಯವಾಗಿ ಬೀಗದ ಕೈ ಇರುತ್ತದೆ. ಆದರೆ ಅದು ನೆನಪಾಗುವ ತನಕ ಅವನು ಬದುಕಿ ಉಳಿದದ್ದು ಗೆಳೆಯನ ಮಾತಿನಿಂದ. ಆ ಮಾತುಗಳಿಗೆ ಎರಡು ಪುಟ ಕೊಡಿ. ದೈತ್ಯ ಕೊಡುವ ಸಲಹೆಯ ವಿವರಗಳನ್ನು ಬರೆಯಬೇಡಿ, ಗೆಳೆಯನ ಮಾತಿನ ವಿವರಗಳನ್ನು ಪೂರ್ತಿ ಬರೆಯಿರಿ. ಕಷ್ಟದಲ್ಲಿದ್ದವರು ಯಾರ ಜತೆಗಾದರೂ ಮಾತಾಡಬೇಕು, ನೆರವು ಪಡೆಯಬೇಕು ಅಂತ ಪುಸ್ತಕದ ಕೊನೆಯಲ್ಲಿ ಒಂದು ಟಿಪ್ಪಣಿಯನ್ನೂ ಹಾಕಿ.

ಈಗ ಕೆಲಸ ಶುರುಮಾಡುವ ರೀತಿ. ಮೊದಲ ಅಧ್ಯಾಯದಿಂದ ಬರೆಯಬೇಡಿ. ಸಮಯಸಾಧಕನ ಸಂಭಾಷಣೆ, ಮಾತಿನಮಲ್ಲನ ಸಂಭಾಷಣೆ, ಸಂದೇಹದ ಕೋಟೆ, ಈ ಮೂರನ್ನು ಮೊದಲು ಬರೆಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ, ಚರ್ಚಿನವರಿಗೆ ಒಮ್ಮೆ, ಚರ್ಚಿನ ಗಂಧವಿಲ್ಲದ ಸ್ನೇಹಿತರಿಗೆ ಒಮ್ಮೆ. ಕೇಳಿದವರು ನಡುವೆಯೇ ತಮಗೆ ಗೊತ್ತಿರುವ ಯಾರದೋ ಹೆಸರು ಹೇಳಿ ನಕ್ಕರೆ ನಿಮ್ಮ ಭಾಷೆ ಹದಕ್ಕೆ ಬಂದಿದೆ ಅಂತ ತಿಳಿಯಿರಿ. ಅರ್ಥ ವಿವರಿಸುವ ಪರಿಸ್ಥಿತಿ ಬಂದರೆ ಇನ್ನೊಮ್ಮೆ ಬರೆಯಿರಿ. ಬೈಬಲ್ ವಚನಗಳ ಸಂಖ್ಯೆಗಳನ್ನು ಬನ್ಯನ್ ಪುಟದ ಅಂಚಿನಲ್ಲಿ ಇಟ್ಟಿದ್ದ, ನೀವೂ ಅಲ್ಲೇ ಇಡಿ. ಬೇಕಾದವರು ನೋಡಿಕೊಳ್ಳುತ್ತಾರೆ, ಕಥೆ ಓದುವವರಿಗೆ ಅಡ್ಡ ಬರುವುದಿಲ್ಲ. ಆ ಮೂರು ಭಾಗ ಮುಗಿದ ಮೇಲೆ ಕಳಿಸಿಕೊಡಿ, ಓದಿ ಬರೆಯುತ್ತೇನೆ.